ಪಂಪಿನ ಕೇಬಲ್ಲಿಗೆ ಲಗ್ ಒತ್ತುವ ಸರಿಯಾದ ಕ್ರಮವು

ವರದಾ ನದಿಯ ದಂಡೆಯ ಕರ್ಜಗಿಯಲ್ಲಿಯೂ ಅದರ ಸುತ್ತಲಿನ ಹಳ್ಳಿಗಳಲ್ಲಿಯೂ ಎತ್ತು ಹೂಡಿ ನೀರೆತ್ತುವ ಕಾಲವು ಹಿಂದೆ ಸರಿದು, ಈಗ ಹೊಳೆಯ ನೀರನ್ನೂ ಕೊಳವೆ ಬಾವಿಯ ನೀರನ್ನೂ ವಿದ್ಯುತ್ತಿನ ಪಂಪುಗಳೇ ಎತ್ತುತ್ತಿರುವದು ಸರ್ವರಿಗೂ ವಿದಿತವಾದ ಸಂಗತಿಯು. ಮೋಟಾರಿನ ಜಾತಿ, ಅಶ್ವಶಕ್ತಿ, ಕೊಳವೆಯ ಅಳತೆ ಇವುಗಳ ವಿಷಯದಲ್ಲಿ ಜಮೀನುದಾರರು ನಾಲ್ಕು ಜನರನ್ನು ವಿಚಾರಿಸಿ ಹಣವನ್ನು ವೆಚ್ಚ ಮಾಡುವರು. ಆದರೆ ಕೇಬಲ್ಲಿನ ತಂತಿಯು ಸ್ಟಾರ್ಟರಿನ ಮೊಳೆಗೆ ಕೂಡುವ ಸ್ಥಳದಲ್ಲಿ ಏನಾಗಿದೆಯೆಂಬದನ್ನು ನೋಡುವವರು ವಿರಳರು. ಮೋಟಾರು ಸುಟ್ಟಾಗ ಅನೇಕ ಪ್ರಸಂಗಗಳಲ್ಲಿ ಮೂಲದೋಷವು ಮೋಟಾರಿನಲ್ಲಿರದೆ, ಹೆಬ್ಬೆರಳಿಗಿಂತ ಚಿಕ್ಕದಾದ ಈ ಜೋಡಣೆಯಲ್ಲಿಯೇ ಇರುತ್ತದೆ.

ಇದರ ಕಾರಣವು ಗಹನವಾದದ್ದಲ್ಲ. ತಂತಿಯು ಸಡಿಲವಾಗಿ ಮುಟ್ಟಿದ ಕಡೆಯಲ್ಲಿ ವಿದ್ಯುತ್ಪ್ರವಾಹಕ್ಕೆ ತಡೆಯುಂಟಾಗಿ ಉಷ್ಣವು ಹುಟ್ಟುವದು. ಪ್ರವಾಹದ ವರ್ಗವನ್ನು ತಡೆಯಿಂದ ಗುಣಿಸಿದಷ್ಟು ಈ ಉಷ್ಣದ ಪ್ರಮಾಣವು. 15 ಆಂಪಿಯರ್ ಎಳೆಯುವ ಮೋಟಾರಿನ ಒಂದು ಜೋಡಣೆಯಲ್ಲಿ ಓಮ್ ಎಂಬ ಮಾನದ ಹತ್ತನೆಯ ಒಂದು ಪಾಲು ತಡೆಯಿದ್ದರೂ ಅಲ್ಲಿ 22.5 ವ್ಯಾಟ್ ಉಷ್ಣವಾಗುವದು. ರೇಡಿಯೋ ರಿಪೇರಿಯವರ ಬೆಸುಗೆಕೋಲು ಹೆಚ್ಚು ಕಡಿಮೆ ಇಷ್ಟೇ ಶಕ್ತಿಯಿಂದ ಬೆಸುಗೆಯನ್ನು ಕರಗಿಸುವದು. ನೇರವಾಗಿ ಚಾಲೂ ಮಾಡುವಾಗ ಮೋಟಾರು ಆರು ಪಟ್ಟು ಪ್ರವಾಹವನ್ನು ಎಳೆದರೆ, ಆ ಕ್ಷಣಗಳಲ್ಲಿ ಉಷ್ಣವು 36 ಪಟ್ಟಾಗುವದು. ಕಾದ ತಾಮ್ರವು ಕಪ್ಪಾಗಿ ತಡೆಯು ಬೆಳೆಯುವದು. ತಡೆಯು ಬೆಳೆದಂತೆ ಇನ್ನಷ್ಟು ಕಾಯುವದು. ಕೊನೆಗೆ ಮೂರು ಫೇಜುಗಳಲ್ಲೊಂದು ಕಡಿದುಹೋದರೆ ಉಳಿದೆರಡರಲ್ಲಿ ಪ್ರವಾಹವು ಸುಮಾರು ಒಂದೂಮುಕ್ಕಾಲು ಪಟ್ಟಾಗಿ, ಸ್ಟಾರ್ಟರಿನ ರಿಲೇಯು ಕೆಲಸ ಮಾಡದಿದ್ದರೆ ಮೋಟಾರಿನ ಸುರುಳಿಯು ಸುಡುವದು. ಮೆಣಸಿನ ಗಿಡವು ಹೂವಿಗೆ ಬಂದ ಹೊತ್ತಿನಲ್ಲಿ ಕೊಳವೆ ಬಾವಿಯಿಂದ ಪಂಪನ್ನು ಮೇಲೆತ್ತಿಸಿ, ಸುರುಳಿ ಸುತ್ತಿಸಿ, ಮತ್ತೆ ಇಳಿಸುವಷ್ಟರಲ್ಲಿ ಒಕ್ಕಲಿಗನಿಗಾಗುವ ಹಾನಿಯನ್ನು ನಾವು ವಿವರಿಸಬೇಕಾದದ್ದಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಬಿಟ್ಟಿಯಾಗಿರುವದರಿಂದ, ಜೋಡಣೆಯು ನುಂಗುವ ಶಕ್ತಿಯು ಬಿಲ್ಲಿನಲ್ಲಿಯೂ ಕಾಣಿಸದು.

ಲಗ್ ಎಂಬದು ಒಂದು ಕಡೆಗೆ ಕೊಳವಿಯೂ ಇನ್ನೊಂದು ಕಡೆಗೆ ತೂತುಳ್ಳ ಚಪ್ಪಟೆ ಕಿವಿಯೂ ಇರುವ ಲೋಹದ ತುಂಡು. ತಂತಿಯನ್ನು ಕೊಳವಿಯಲ್ಲಿ ತೂರಿಸಿ ಒತ್ತುವದಕ್ಕೆ ಕ್ರಿಂಪಿಂಗ್ ಎನ್ನುವರು. ಚಕ್ಕಡಿಯ ಗಾಲಿಗೆ ಕಂಬಾರನು ಹಳಿ ಏರಿಸುವ ಬಗೆಯನ್ನು ಬಲ್ಲವರಿಗೆ ಇದರ ಮರ್ಮವು ಕೂಡಲೇ ತಿಳಿಯುವದು. ಹಳಿಯು ದೊಡ್ಡದಾದರೆ ಕಳಚಿ ಬೀಳುವದು, ಚಿಕ್ಕದಾದರೆ ಗಾಲಿಯ ಕಟ್ಟಿಗೆಯು ಸೀಳುವದು. ಆದುದರಿಂದಲೇ ಕಂಬಾರನು ಮೊದಲು ಗಾಲಿಯನ್ನು ಅಳೆಯುವನು. ಲಗ್ಗಿನಲ್ಲಿಯೂ ಹಾಗೆಯೇ. ಚೆನ್ನಾಗಿ ಒತ್ತಿದಾಗ ಎಳೆಗಳೂ ಕೊಳವಿಯೂ ನಡುವೆ ಗಾಳಿಗೆಡೆಯಿಲ್ಲದಂತೆ ಕೂಡಿ ಒಂದೇ ಲೋಹದಂತಾಗುವವು. ತೇವವಾಗಲಿ ತುಕ್ಕಾಗಲಿ ಒಳಗೆ ಪ್ರವೇಶಿಸಲಾರದು.

ನಮ್ಮ ಹಳ್ಳಿಗಳಲ್ಲಿ ಕಾಣುವ ಪದ್ಧತಿಯು ಬೇರೆಯೇ. ತಂತಿಯನ್ನು ತಿರುಚಿ ಮೊಳೆಗೆ ಸುತ್ತುವದು. ಇಲ್ಲವೆ ಲಗ್ಗನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುವದು. ಬಹಳವಾದರೆ ಇಕ್ಕಳದಿಂದ ಅಮುಕುವದು. ಸುತ್ತಿಗೆಯಿಂದ ಕೊಳವಿಯು ಚಪ್ಪಟೆಯಾಗುವದೇ ಹೊರತು ಎಳೆಗಳನ್ನು ಸುತ್ತಲೂ ಬಿಗಿಯದು. ಇಕ್ಕಳಕ್ಕೆ ಬೇಕಾದಷ್ಟು ಬಲವೂ ಇಲ್ಲ, ಎಷ್ಟು ಒತ್ತಬೇಕೆಂಬ ಅಳತೆಯೂ ಇಲ್ಲ. ಲಗ್ಗು ಚಿಕ್ಕದೆಂದು ನಾಲ್ಕೆಂಟು ಎಳೆಗಳನ್ನು ಕತ್ತರಿಸಿ ತೂರಿಸುವ ಯುಕ್ತಿಯಂತೂ ಸರ್ವಥಾ ತ್ಯಾಜ್ಯವು. ಹೊಳೆಯ ದಂಡೆಯ ತೋಟವೊಂದರಲ್ಲಿ ಹೀಗೆ ಕತ್ತರಿಸಿ ಕೂಡಿಸಿದ ಜೋಡಣೆಯ ಸುತ್ತಲಿನ ಹೊದಿಕೆಯು ನಾಲ್ಕು ಅಂಗುಲದವರೆಗೆ ಕಂದಿ ಗಟ್ಟಿಯಾಗಿದ್ದುದನ್ನು ನಾವು ನೋಡಿದ್ದುಂಟು. ಬೇಲಿಯ ಒಣಹುಲ್ಲು ಅದರಿಂದ ಒಂದು ಮೊಳ ದೂರದಲ್ಲಿತ್ತು.

ಆದಕಾರಣ ಸಾಧನವನ್ನು ಕೊಳ್ಳುವಾಗ ಹಲ್ಲುಗಾಲಿಯ ತಡೆಯಿರುವದನ್ನೇ ಕೊಳ್ಳತಕ್ಕದ್ದು. ಈ ಬಗೆಯ ಒತ್ತಿಕ್ಕಳವು ಪೂರ್ತಿ ಒತ್ತುವವರೆಗೆ ಬಾಯಿ ಬಿಡುವದಿಲ್ಲ. ಕೈಯ ಬಲವು ಹೆಚ್ಚಿರಲಿ ಕಡಿಮೆಯಿರಲಿ, ಒತ್ತು ಒಂದೇ ಸಮನಾಗಿರುವದು. ಸುಮಾರು 16 ಚದರ ಮಿಲಿಮೀಟರಿನ ತಂತಿಯವರೆಗೆ ಇದು ಸಾಕು. ಅದಕ್ಕೂ ದಪ್ಪವಾದ ಕೇಬಲ್ಲಿಗೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಸಾಧನವು ಬೇಕು. ಸಾಧನದ ಅಚ್ಚು, ಲಗ್ಗು, ತಂತಿ ಈ ಮೂರರ ಅಳತೆಯು ಒಂದೇ ಆಗಿರತಕ್ಕದ್ದು. ಲಗ್ಗಿನ ಮೇಲೆ 10–6 ಎಂದು ಒತ್ತಿದ್ದರೆ, ಅದು 10 ಚದರ ಮಿಲಿಮೀಟರಿನ ತಂತಿಗೂ 6 ಮಿಲಿಮೀಟರಿನ ಮೊಳೆಗೂ ತಕ್ಕದ್ದೆಂದು ತಿಳಿಯಬೇಕು.

ಕೆಲಸಕ್ಕೆ ಕೈಹಚ್ಚುವ ಮೊದಲು ಮೇನ್ ಸ್ವಿಚ್ಚನ್ನು ತೆಗೆದು, ಫ್ಯೂಜುಗಳನ್ನು ಕಿತ್ತು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳಬೇಕು. ವಿದ್ಯುತ್ತು ಸರದಿಯ ಮೇಲೆ ಬರುವ ನಮ್ಮ ಸೀಮೆಯಲ್ಲಿ ತಾನಾಗಿ ಚಾಲೂ ಆಗುವ ಸ್ಟಾರ್ಟರು ಮನುಷ್ಯನನ್ನು ಕಾಯುವದಿಲ್ಲ. ಟೆಸ್ಟರಿನಿಂದ ಪರೀಕ್ಷಿಸಿದ ಬಳಿಕ, ಎಳೆಗಳಿಗೆ ಗಾಯವಾಗದಂತೆ ಹೊದಿಕೆಯನ್ನು ಕೊಳವಿಯ ಆಳಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚಾಗಿ ಸುಲಿದು, ಎಲ್ಲ ಎಳೆಗಳನ್ನೂ ತಳದವರೆಗೆ ತೂರಿಸತಕ್ಕದ್ದು. ಎಳೆಗಳಿಗೆ ಮೊದಲೇ ಬೆಸುಗೆ ಹಾಕಕೂಡದು. ಬೆಸುಗೆಯ ಲೋಹವು ಒತ್ತಡದಲ್ಲಿ ಮೆಲ್ಲನೆ ಜರುಗಿ ಬಿಗಿಯನ್ನು ಕೆಡಿಸುವದು. ಎರಡು ಒತ್ತು ಬೇಕಾದಲ್ಲಿ ಕಿವಿಯ ಮಗ್ಗುಲಿನದನ್ನು ಮೊದಲು ಒತ್ತಿ, ತರುವಾಯ ಕೇಬಲ್ಲಿನ ಕಡೆಗೆ ಬರಬೇಕು. ಬಳಿಕ ಕೈಯಿಂದ ಬಲವಾಗಿ ಎಳೆದು ನೋಡುವದು. ಎಳೆಯು ಜರುಗಿದರೆ ಅಚ್ಚು ದೊಡ್ಡದಾಯಿತು. ಕೊಳವಿಯ ಎರಡೂ ಮಗ್ಗುಲಿಗೆ ರೆಕ್ಕೆಯಂತೆ ಲೋಹವು ಹೊರಬಿದ್ದರೆ ಚಿಕ್ಕದಾಯಿತು. ಎರಡು ಪ್ರಸಂಗಗಳಲ್ಲಿಯೂ ಆ ಲಗ್ಗನ್ನು ಕತ್ತರಿಸಿ ಒಗೆದು ಹೊಸದನ್ನು ಹಾಕತಕ್ಕದ್ದು.

ಅಲ್ಯೂಮಿನಿಯಂ ಕೇಬಲ್ಲಿನ ವಿಷಯದಲ್ಲಿ ಹೆಚ್ಚಿನ ಜಾಗರೂಕತೆಯು ಬೇಕು. ಈ ಲೋಹದ ಮೈಮೇಲೆ ಗಾಳಿ ತಾಗಿದೊಡನೆ ವಿದ್ಯುತ್ತನ್ನು ತಡೆಯುವ ಗಟ್ಟಿ ಪೊರೆಯೊಂದು ಕಟ್ಟುವದು. ತಾಮ್ರಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗುವ ಗುಣವೂ ಇದಕ್ಕುಂಟು. ತೇವವಿದ್ದಲ್ಲಿ ತಾಮ್ರದ ಸಂಗಡ ಕೂಡಿದರೆ ಸವೆಯುವದು. ತಂತಿಯನ್ನು ಕುಂಚದಿಂದ ಉಜ್ಜಿ, ಕೂಡಲೇ ಜೋಡಣೆಯ ಜಿಡ್ಡನ್ನು ಸವರಿ, ಅಲ್ಯೂಮಿನಿಯಂ ಲಗ್ಗನ್ನೇ ಒತ್ತಬೇಕು. ಮೊಳೆಯು ತಾಮ್ರದ್ದಾಗಿದ್ದರೆ ಎರಡೂ ಲೋಹಗಳನ್ನು ಕಾರಖಾನೆಯಲ್ಲಿಯೇ ಬೆಸೆದ ಲಗ್ಗುಗಳು ದೊರೆಯುವವು. ನಾಲ್ಕು ಕಾಸು ಹೆಚ್ಚಾದರೂ ಅವೇ ಲೇಸು.

ಕೊಳವೆ ಬಾವಿಯೊಳಗಿನ ಜೋಡಣೆಯು ನೀರಿನಲ್ಲಿಯೇ ಇರತಕ್ಕದ್ದರಿಂದ ಅಲ್ಲಿ ಲಗ್ಗಿಗೆ ಬದಲಾಗಿ ಎರಡೂ ತುದಿ ತೆರೆದ ತಾಮ್ರದ ಕೊಳವಿಯನ್ನು ಒತ್ತುವರು. ಮೂರು ತಂತಿಗಳ ಜೋಡಣೆಗಳು ಒಂದೇ ನೇರಕ್ಕೆ ಬಾರದಂತೆ ಮೇಲೆ ಕೆಳಗೆ ಮಾಡಿ, ರಬ್ಬರ್ ಪಟ್ಟಿಯನ್ನೂ ಅದರ ಮೇಲೆ ಪಿವಿಸಿ ಪಟ್ಟಿಯನ್ನೂ ಬಿಗಿಯಾಗಿ ಸುತ್ತಬೇಕು. ಪಂಪನ್ನು ಇಳಿಸುವ ಮೊದಲು ಜೋಡಣೆಯನ್ನು ನೀರಿನ ಬಕೀಟಿನಲ್ಲಿ ಮುಳುಗಿಸಿ ಮೆಗ್ಗರಿನಿಂದ ಪರೀಕ್ಷಿಸುವದು ಅರ್ಧ ತಾಸಿನ ಕೆಲಸವು. ಅದನ್ನು ಬಿಟ್ಟುಕೊಡುವ ಮಿಸ್ತ್ರಿಗೆ ಮಜೂರಿ ಕೊಡುವ ಮುನ್ನ ಜಮೀನುದಾರರು ವಿಚಾರಮಾಡಲಿ.

ಒಬ್ಬೊಬ್ಬರೂ ಈ ಸಾಧನವನ್ನು ಕೊಳ್ಳಬೇಕೆಂದು ನಾವು ಹೇಳುವದಿಲ್ಲ. ವರ್ಷದಲ್ಲಿ ಎರಡು ಸಲ ಬೇಕಾಗುವ ವಸ್ತುವನ್ನು ಊರಿನ ಸಹಕಾರಿ ಸಂಘವು ಕೊಂಡಿಟ್ಟರೆ ಸಾಕು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರಿ ಸಂಘವನ್ನು ಸ್ಥಾಪಿಸಿದ ಸಿದ್ದನಗೌಡ ಪಾಟೀಲರು ಗ್ರಾಮದ ಮುಖಂಡರೇ ಆಗಿದ್ದರೆಂಬದನ್ನು ಇಲ್ಲಿ ಸ್ಮರಿಸಬಹುದು. ಒತ್ತಿಕ್ಕಳ, ಅಚ್ಚುಗಳ ಪೆಟ್ಟಿಗೆ, ಮೆಗ್ಗರು ಇವನ್ನು ಸಂಘದ ಕಪಾಟಿನಲ್ಲಿಟ್ಟು, ಲೈಸೆನ್ಸುಳ್ಳ ವೈರಮನ್ನನಿಗೆ ಮಾತ್ರ ಸಹಿ ಪಡೆದು ಕೊಡತಕ್ಕದ್ದು. ಟ್ರಾನ್ಸ್‌ಫಾರ್ಮರಿನ ಕೆಲಸವು ವಿದ್ಯುತ್ ಕಂಪನಿಯವರದು. ಅಲ್ಲಿ ಯಾರನ್ನೂ ಏರಗೊಡಬಾರದು. ಮುಂಗಾರಿನ ಮೊದಲೊಮ್ಮೆ, ಹಿಂಗಾರಿನ ನೀರಾವರಿಗೆ ಮುಂಚೆ ಇನ್ನೊಮ್ಮೆ ಊರಿನ ಸ್ಟಾರ್ಟರ್ ಪೆಟ್ಟಿಗೆಗಳನ್ನೆಲ್ಲ ವಿದ್ಯುತ್ತು ತೆಗೆದು ತೆರೆಯಿಸಿ, ಬಣ್ಣಗೆಟ್ಟ ಲಗ್ಗುಗಳನ್ನು ಬದಲಿಸಿ, ಮೊಳೆಗಳ ನಟ್ಟುಗಳನ್ನು ಬಿಗಿಯಿಸತಕ್ಕದ್ದು.