ಯೋಬನು ಮಕ್ಕಳನ್ನು ಕರೆಕಳುಹಿಸಿದ್ದು

ತಾಯಿತಂದೆಗಳಿಗೋಸ್ಕರ ಒಂದು ಪಾಠ

ಓದತಕ್ಕ ವೇದಭಾಗಗಳು: ಯೋಬ 1: 1–5, 1 ಸಮುವೇಲ 2: 22–25 ಮತ್ತು 3: 11–14, ಲೂಕ 2: 41–52.

ಊಚ್ ದೇಶದ ಯೋಬನಿಗೆ ಏಳು ಮಂದಿ ಗಂಡು ಮಕ್ಕಳೂ ಮೂವರು ಹೆಣ್ಣು ಮಕ್ಕಳೂ ಇದ್ದರೆಂದು ಓದುತ್ತೇವೆ. ಆತನ ಕುರಿ, ಒಂಟೆ, ಎತ್ತು, ಕತ್ತೆಗಳ ಲೆಕ್ಕವೂ ಅಲ್ಲಿ ಉಂಟು. ಆದರೆ ಈ ಹೊತ್ತು ನಾವು ನೋಡಬೇಕಾದದ್ದು ಐದನೆಯ ವಚನವನ್ನು. ಗಂಡು ಮಕ್ಕಳು ಸರದಿಯ ಮೇಲೆ ತಮ್ಮ ತಮ್ಮ ಮನೆಗಳಲ್ಲಿ ಔತಣ ಮಾಡಿಸಿ ಅಕ್ಕತಂಗಿಯರನ್ನೂ ಕರೆಯುತ್ತಿದ್ದರು. ತಂದೆಯು ಆ ಔತಣಗಳಿಗೆ ಹೋದನೆಂದು ಬರೆದಿಲ್ಲ. ಆ ಮನೆಗಳೊಳಗೆ ಮಕ್ಕಳು ಏನಾದರೂ ಪಾಪ ಮಾಡಿದರೋ, ಹೃದಯದಲ್ಲಿ ದೇವರನ್ನು ಬಿಟ್ಟರೋ ಎಂಬ ಅಂಜಿಕೆಯು ಆತನಿಗಿತ್ತು. ಪ್ರಾಯಕ್ಕೆ ಬಂದ ಮಕ್ಕಳುಳ್ಳ ಯಾವ ತಂದೆಗೆ ಅದು ಇಲ್ಲ? ಆತನಿಗೆ ಆಳುಗಳು ಬಹಳ ಮಂದಿ ಇದ್ದರು. ಬಡಿಸುವವರ ನಡುವೆ ಒಬ್ಬನನ್ನು ಗುಟ್ಟಾಗಿ ನಿಲ್ಲಿಸಿ, ಮಕ್ಕಳು ಆಡಿದ ಮಾತನ್ನೆಲ್ಲಾ ತಿಳಿದುಕೊಳ್ಳುವದು ಆತನಿಗೆ ಕಷ್ಟವಾಗುತ್ತಿರಲಿಲ್ಲ. ಆತನು ಹಾಗೆ ಮಾಡಲಿಲ್ಲ. ಔತಣದ ದಿವಸಗಳು ತೀರಿದ ಮೇಲೆ ಮಕ್ಕಳನ್ನೇ ಕರೆಕಳುಹಿಸಿದನು. ಬೆಳಿಗ್ಗೆ ಎದ್ದು ಒಬ್ಬೊಬ್ಬರ ಲೆಕ್ಕದಲ್ಲಿ ಹೋಮವನ್ನು ಅರ್ಪಿಸಿದನು. ತನ್ನ ಅಂಜಿಕೆಯನ್ನು ಮಕ್ಕಳಿಗೆ ಮರೆಮಾಡಲಿಲ್ಲ.

ಈಗ ನಮ್ಮ ಹಳ್ಳಿಗಳಲ್ಲಿ ಮಕ್ಕಳ ಔತಣದ ಮನೆ ಅಂಗೈಯೊಳಗೆ ಹಿಡಿಯುವಷ್ಟಾಗಿದೆ. 2020ರಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಪಾಠ ತಪ್ಪಬಾರದೆಂದು ಸಂಘದ ಸಾಲ ತೆಗೆದೋ ಆಡು ಮಾರಿಯೋ ಮಕ್ಕಳಿಗೆ ಫೋನು ಕೊಂಡುಕೊಟ್ಟವರು ನಮ್ಮ ಸಭೆಗಳಲ್ಲಿ ಅನೇಕರು. ಪಾಠವು ಶಾಲೆಗೆ ಹಿಂದಿರುಗಿತು, ಫೋನು ಮಕ್ಕಳ ಕೈಯಲ್ಲಿ ಉಳಿಯಿತು. ಬ್ಯಾಂಕಿನಿಂದ ಬಂದ ಸಂದೇಶವನ್ನು ಓದಿ ಹೇಳುವವರು ಮಕ್ಕಳೇ. ಹೀಗಿರಲಾಗಿ ಆ ಯಂತ್ರದೊಳಗೆ ಅವರು ಯಾರ ಸಂಗಡ ಮಾತಾಡುತ್ತಾರೆಂದು ಅಕ್ಷರ ಬಾರದ ತಾಯಿಗೆ ಹೇಗೆ ತಿಳಿದೀತು? ಆದದರಿಂದ ಕೆಲವರು ಮಕ್ಕಳಿಗೆ ಗೊತ್ತಿಲ್ಲದ ಹಾಗೆ ಅವರ ಫೋನಿಗೆ ಗುಪ್ತವಾದ ಆಪನ್ನು ಹಾಕಿಸುತ್ತಾರೆ, ಇಲ್ಲವೆ ಅವರ ವಾಟ್ಸಾಪನ್ನು ತಮ್ಮ ಫೋನಿಗೆ ಜೋಡಿಸಿಕೊಳ್ಳುತ್ತಾರೆ. ಮಗುವಿನ ಒಳ್ಳೇದಕ್ಕೋಸ್ಕರ ಮಾಡಿದರೆ ತಪ್ಪೇನು, ಉಪದೇಶಿಗಳೇ, ಎಂದು ನನ್ನನ್ನು ಕೇಳುತ್ತಾರೆ.

ನಾನು ಒಂದು ಸಾರಿ ತಪ್ಪಾಗಿ ಉತ್ತರ ಕೊಟ್ಟೆನು. ಅದನ್ನು ಇಲ್ಲಿ ಹೇಳಬೇಕಾಗಿದೆ. ಆ ಮನೆಯವರ ಅಪ್ಪಣೆಯಿಂದಲೇ ಬರೆಯುತ್ತೇನೆ. ಗುರುತು ತಿಳಿಯುವಂಥ ಸಂಗತಿಗಳನ್ನು ಬಿಟ್ಟಿದ್ದೇನೆ. ಒಬ್ಬ ಸಹೋದರನು ಆದಿತ್ಯವಾರದ ಆರಾಧನೆ ತೀರಿದ ಮೇಲೆ ನನ್ನನ್ನು ಒತ್ತಟ್ಟಿಗೆ ಕರೆದು, ತನ್ನ ಹದಿನೇಳು ವರುಷದ ಮಗಳು ರಾತ್ರಿ ಹನ್ನೊಂದರ ತನಕ ಹೊದಿಕೆಯೊಳಗೆ ಫೋನು ಹಿಡಿದಿರುತ್ತಾಳೆಂದೂ, ಯಾರೆಂದು ಕೇಳಿದರೆ ಗೆಳತಿ ಅನ್ನುತ್ತಾಳೆಂದೂ, ಆಕೆಗೆ ಬರುವ ಸಂದೇಶಗಳು ತನ್ನ ಫೋನಿನಲ್ಲಿಯೂ ಕಾಣುವ ಹಾಗೆ ಪೇಟೆಯ ಅಂಗಡಿಯವನೊಬ್ಬನು ಮಾಡಿಕೊಡುತ್ತಾನೆಂದೂ ಹೇಳಿ, ಇದು ಪಾಪವೋ ಎಂದು ಕೇಳಿದನು. ನಾನು ಏಲಿಯ ವೃತ್ತಾಂತವನ್ನು ನೆನಪು ಮಾಡಿಕೊಟ್ಟೆನು. ಮಕ್ಕಳನ್ನು ತಡೆಯದೆ ಬಿಟ್ಟ ಯಾಜಕನ ಮನೆಗೆ ಏನಾಯಿತೆಂದು ಬಲ್ಲೆಯಲ್ಲಾ ಎಂದೆನು. ಅವನು ಸಮಾಧಾನದಿಂದ ಹೋದನು.

ಫೋನಿನ ಬೀಗದ ಅಂಕಿಯನ್ನು ಚಿಕ್ಕ ಮಗನಿಂದ ತಿಳಿದುಕೊಂಡು, ಚಾರ್ಜು ಹಿಡಿಯುವದಿಲ್ಲವೆಂಬ ನೆವದಿಂದ ಅದನ್ನು ಅಂಗಡಿಗೆ ಒಯ್ದು, ಜೋಡಿಸಿಕೊಂಡು ಬಂದನು. ಹದಿನೈದು ದಿವಸ ಹೊಲದ ಬದುವಿನ ಮೇಲೆ ಕೂತು ಓದಿದನು. ಪರೀಕ್ಷೆಯ ಮಾತು, ಗೆಳತಿಯರ ಹಾಸ್ಯ, ತಾಯಿಯ ಮೇಲೆ ಒಂದೆರಡು ದೂರು. ಹದಿನಾರನೆಯ ದಿವಸ ಒಬ್ಬ ಅಪರಿಚಿತನ ಸಂದೇಶಗಳು ಕಂಡವು. ಕಾಲೇಜಿನ ಹುಡುಗನೆಂದು ಹೇಳಿಕೊಂಡು ಇನ್‌ಸ್ಟಾಗ್ರಾಮಿನಲ್ಲಿ ಪರಿಚಯ ಮಾಡಿಕೊಂಡಿದ್ದ ಅವನು, ಸುಗ್ಗಿಯ ಹಬ್ಬದಲ್ಲಿ ತೆಗೆದ ಆಕೆಯ ಚಿತ್ರದಿಂದ ಮುಖವನ್ನು ತೆಗೆದು ಅಸಹ್ಯವಾದ ಇನ್ನೊಂದು ಚಿತ್ರಕ್ಕೆ ಸೇರಿಸಿ, ಹಣ ಕೊಡದೆ ಹೋದರೆ ನಿನ್ನ ತಂದೆಗೆ ಕಳುಹಿಸುವೆನೆಂದು ಬೆದರಿಸಿದ್ದನು.

ಈಗ ತಂದೆಗೆ ಎಲ್ಲವೂ ಗೊತ್ತಾಯಿತು. ಆದರೆ ಗೊತ್ತೆಂದು ಹೇಳಿದರೆ ಹೇಗೆ ಗೊತ್ತಾಯಿತೆಂಬದನ್ನೂ ಹೇಳಬೇಕಲ್ಲವೇ? ಆ ನಾಚಿಕೆಯಿಂದ ಅವನು ಒಂಭತ್ತು ದಿವಸ ಬಾಯಿ ತೆರೆಯಲಿಲ್ಲ. ಮೂರನೆಯ ದಿವಸ ಮಗಳಿಗೆ ಕಾಲೇಜು ಬೇಡವೆಂದನು; ಯಾಕಪ್ಪಾ ಎಂದು ಕೇಳಿದ್ದಕ್ಕೆ ಉತ್ತರ ಕೊಡದೆ ಎದ್ದು ಹೋದನು. ಮಗಳು ಏನು ತಿಳಿದುಕೊಂಡಳು? ಆ ದುಷ್ಟನು ಹೇಳಿದ ಹಾಗೆ ಮಾಡಿಬಿಟ್ಟನು, ಚಿತ್ರವು ಅಪ್ಪನ ಕೈ ಸೇರಿತು, ಅಪ್ಪನು ಅದನ್ನು ನಿಜವೆಂದು ನಂಬಿದನು, ಎಂದು ತಿಳಿದುಕೊಂಡಳು. ಊಟ ಬಿಟ್ಟಳು. ಆಕೆಯು ಸ್ತ್ರೀಯರ ಕೂಟಕ್ಕೆ ಬಾರದ್ದನ್ನು ಕಂಡು ನನ್ನ ಹೆಂಡತಿಯು ಮನೆಗೆ ಹೋಗಿ, ಏನಾಯಿತಮ್ಮಾ ಎಂದು ಬರೇ ಒಂದು ಮಾತು ಕೇಳಿದಳು. ಹುಡುಗಿ ಎಲ್ಲವನ್ನೂ ಹೇಳಿ ಅತ್ತಳು. ಬದುಕುವದು ಬೇಡವೆಂದು ಆ ದಿವಸಗಳಲ್ಲಿ ಯೋಚಿಸಿದ್ದೆನೆಂದೂ ಹೇಳಿದಳು. ಅದೇ ಸಾಯಂಕಾಲ ತಂದೆಯೂ ತಾನು ಮಾಡಿದ್ದನ್ನು ಒಪ್ಪಿಕೊಂಡನು. ನಾನು ಅಲ್ಲಿಯೇ ಕೂತಿದ್ದೆನು. "ಅಪ್ಪಾ, ಓದಿದ ದಿವಸವೇ ನನ್ನನ್ನು ಯಾಕೆ ಕರೆಯಲಿಲ್ಲ?" ಎಂದು ಆಕೆ ಕೇಳಿದಳು. ಮರುದಿವಸ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಹಣ ಕೊಡದೆ, ಠಾಣೆಗೆ ಹೋಗಿ ದೂರು ಬರೆಸಿದೆವು. ಹುಡುಗಿ ಪುನಃ ಕಾಲೇಜಿಗೆ ಹೋಗುತ್ತಾಳೆ. ತಂದೆಯ ಸಂಗಡ ಮೊದಲಿನಷ್ಟು ಮಾತಿಲ್ಲವೆಂದು ತಾಯಿ ಹೇಳುತ್ತಾಳೆ.

ಆ ಮೇಲೆ ನಾನು ಏಲಿಯ ಅಧ್ಯಾಯಗಳನ್ನು ಮತ್ತೆ ಓದಿದೆನು. ಸೆಮಿನೆರಿಯಲ್ಲಿ ಅವುಗಳನ್ನು ಪರೀಕ್ಷೆಗೋಸ್ಕರ ಓದಿದವನು, ಕಣ್ಣ ಮುಂದಿದ್ದ ಒಂದು ಸಂಗತಿಯನ್ನು ನೋಡಿರಲಿಲ್ಲ. ಏಲಿಗೆ ಸುದ್ದಿಯ ಕೊರತೆ ಇತ್ತೋ? ಇಲ್ಲವೇ ಇಲ್ಲ. ಮಕ್ಕಳು ಮಾಡಿದ್ದೆಲ್ಲವೂ ಅವನ ಕಿವಿಗೆ ಬಿದ್ದಿತ್ತೆಂದು 2: 22ರಲ್ಲಿ ಕಾಣುತ್ತದೆ. ಬಹಳ ಮುದುಕನಾದ ಮೇಲೆ ಒಂದು ಸಾರಿ ಗದರಿಸಿ ಸುಮ್ಮನಾದನು. ಅವನ ಮೇಲೆ ಬಂದ ನ್ಯಾಯತೀರ್ಪು, ಬಲ್ಲವನಾಗಿದ್ದೂ ತಡೆಯಲಿಲ್ಲವೆಂಬದೇ. ಹೀಗಿರುವದರಿಂದ ಏಲಿಯ ವೃತ್ತಾಂತವು ಕದ್ದು ನೋಡುವದಕ್ಕೆ ಆಧಾರವಾಗಲಾರದು. ತಿಳಿದೂ ಎದುರಿಗೆ ನಿಂತು ಮಾತಾಡದ ತಂದೆಯ ವೃತ್ತಾಂತವದು. ಆ ಒಂಭತ್ತು ದಿವಸ ನಮ್ಮ ಸಹೋದರನು ಏಲಿಯಾಗಿದ್ದನು, ಅವನನ್ನು ಹಾಗೆ ಮಾಡಿದವನು ನಾನು.

ಇದಕ್ಕೆ ವಿರೋಧವಾಗಿ ಒಬ್ಬ ಹಿರಿಯರು ನನಗೆ, ದೇವರು ಗುಪ್ತವಾದದ್ದನ್ನೂ ನೋಡುತ್ತಾನಷ್ಟೆ, ತಂದೆಯು ನೋಡಬಾರದೋ ಎಂದು ಕೇಳಿದರು. ಒಳ್ಳೇ ಪ್ರಶ್ನೆಯೇ. ಆದರೆ ದೇವರು ನೋಡುತ್ತಾನೆಂಬದನ್ನು ಆತನು ನಮಗೆ ಮುಚ್ಚಿಟ್ಟಿಲ್ಲ. 139ನೆಯ ಕೀರ್ತನೆಯನ್ನು ಹಾಡಿದವನು ಅದನ್ನು ಬಲ್ಲವನಾಗಿ, ತನ್ನನ್ನು ಪರೀಕ್ಷಿಸಬೇಕೆಂದು ತಾನೇ ಬೇಡಿಕೊಳ್ಳುತ್ತಾನೆ. ಏದೆನ್ ತೋಟದಲ್ಲಿಯೂ ಎಲ್ಲವನ್ನೂ ಬಲ್ಲಾತನು ಮೊದಲು ಮಾಡಿದ್ದು ಆದಾಮನನ್ನು ಕರೆದು ಎಲ್ಲಿದ್ದೀಯೆಂದು ಕೇಳಿದ್ದು.

ಲೂಕನ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ವರುಷದ ಬಾಲಕನನ್ನು ಕಾಣದೆ ಹೋದ ತಾಯಿತಂದೆಗಳನ್ನು ನೋಡಿರಿ. ಮೂರು ದಿವಸದ ಮೇಲೆ ದೇವಾಲಯದಲ್ಲಿ ಆತನನ್ನು ಕಂಡಾಗ, ಮರಿಯಳು ಕಂಬದ ಮರೆಯಲ್ಲಿ ನಿಂತು ಕಿವಿಗೊಡಲಿಲ್ಲ. ತಾವು ಎಷ್ಟು ಸಂಕಟಪಟ್ಟೆವೆಂದು ಮಗನಿಗೇ ಹೇಳಿ, ಯಾಕೆ ಹೀಗೆ ಮಾಡಿದಿ ಎಂದು ಕೇಳಿದಳು. ಬಂದ ಉತ್ತರವು ಆ ಇಬ್ಬರಿಗೂ ಅರ್ಥವಾಗಲಿಲ್ಲ. ಆದರೂ ಒಟ್ಟಿಗೆ ಮನೆಗೆ ಹೋದರು, ಆತನು ಅವರಿಗೆ ಅಧೀನನಾಗಿದ್ದನು.

ಲೋಕದ ವಿದ್ವಾಂಸರೂ ಇದನ್ನು ಕಂಡಿದ್ದಾರೆ. 2000ನೆಯ ಇಸವಿಯಲ್ಲಿ ಸ್ಟಾಟ್ಟಿನ್, ಕೆರ್ ಎಂಬ ಇಬ್ಬರು ಸ್ವೀಡನ್ ದೇಶದ 14 ವರುಷದ 703 ಮಕ್ಕಳನ್ನೂ ಅವರ ತಾಯಿತಂದೆಗಳನ್ನೂ ವಿಚಾರಿಸಿ ಬರೆದರು. ಮಕ್ಕಳ ವಿಷಯ ಹೆಚ್ಚಾಗಿ ಬಲ್ಲ ತಾಯಿತಂದೆಗಳಿಗೆ ಆ ತಿಳುವಳಿಕೆ ಮುಖ್ಯವಾಗಿ ಎಲ್ಲಿಂದ ಬಂದಿತ್ತಂದರೆ, ಕಾವಲಿನಿಂದಲ್ಲ, ಮಕ್ಕಳು ತಾವಾಗಿಯೇ ಹೇಳಿದ್ದರಿಂದ. ಫೋನು ಮಕ್ಕಳ ಕೈಗೆ ಬರುವದಕ್ಕೆ ಮುಂಚಿನ ಮಾತಾದರೂ ಮಕ್ಕಳ ಮನಸ್ಸು ಅದೇ ಅಲ್ಲವೇ? ಗುಪ್ತವಾದ ಆಪುಗಳ ವಿಷಯದಲ್ಲಿ ಇನ್ನೊಂದು ಅಪಾಯವೂ ಉಂಟು. ನಮ್ಮ ಮಗುವಿನ ಮಾತು, ಚಿತ್ರ, ಇರುವ ಸ್ಥಳ, ಎಲ್ಲವೂ ನಾವು ಕಾಣದ ಕಂಪನಿಯ ಉಗ್ರಾಣಕ್ಕೆ ಹೋಗುತ್ತವೆ. ಅಮೇರಿಕದಲ್ಲಿ ರೆಟಿನಾ-ಎಕ್ಸ್ ಎಂಬ ಕಂಪನಿಯು ಟೀನ್‌ಶೀಲ್ಡ್ ಎಂಬ ಇಂಥ ಆಪನ್ನು ಮಾರುತ್ತಿತ್ತು. ಅದರ ಉಗ್ರಾಣಕ್ಕೆ ಎರಡು ಸಾರಿ ಕನ್ನ ಬಿತ್ತು, 2019ರಲ್ಲಿ ಅಲ್ಲಿಯ ಸರಕಾರದ ಟ್ರೇಡ್ ಕಮಿಷನ್ ಅದರ ಮೇಲೆ ಕ್ರಮ ತೆಗೆದುಕೊಂಡಿತು. ಕಳ್ಳನಿಗೆ ಅಂಜಿ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟ ಹಾಗಾಗುತ್ತದೆ.

ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಡಬೇಕೋ? ಯೋಬನು ಬಿಡಲಿಲ್ಲ. ಫೋನು ಕೊಡುವ ದಿವಸವೇ, ಇಂಥಿಂಥದ್ದನ್ನು ನಾನು ನೋಡುವೆನು, ಇಂಥದ್ದನ್ನು ನೋಡೆನು ಎಂದು ಹೇಳಿ ಕೊಡತಕ್ಕದ್ದು. ರಾತ್ರಿ ಊಟವಾದ ಮೇಲೆ ಮನೆಯ ಫೋನುಗಳೆಲ್ಲಾ ಗೋಡೆಯ ಗೂಡಿನಲ್ಲಿರಲಿ. ತಂದೆಯ ಫೋನೂ ಅಲ್ಲಿಯೇ ಇರಲಿ, ಇಲ್ಲವಾದರೆ ಆ ನಿಯಮವು ಒಂದು ವಾರ ಬಾಳದು. ಇನ್‌ಸ್ಟಾಗ್ರಾಮಿನವರು ಪ್ರಾಯದ ಮಕ್ಕಳಿಗೆ ಬೇರೆ ರೀತಿಯ ಖಾತೆಯನ್ನು ಮಾಡಿದ್ದಾರೆ. ನಮ್ಮ ದೇಶದಲ್ಲಿ ಅದು 2025ರಲ್ಲಿ ಬಂತು. 16 ವರುಷಕ್ಕೆ ಕಡಿಮೆಯಾದವರು ಅದರ ಕಟ್ಟುಗಳನ್ನು ಸಡಿಲಿಸಬೇಕಾದರೆ ತಾಯಿ ಅಥವಾ ತಂದೆಯ ಒಪ್ಪಿಗೆ ಬೇಕು. ಮಗುವೂ ಒಪ್ಪಿ ಮೇಲ್ವಿಚಾರಣೆಯನ್ನು ಹಾಕಿಕೊಂಡರೆ, ಹಿಂದಿನ ಏಳು ದಿವಸಗಳಲ್ಲಿ ಮಗುವು ಯಾರ ಯಾರ ಸಂಗಡ ಮಾತಾಡಿತೆಂಬದು ತಂದೆಗೆ ಕಾಣುತ್ತದೆ, ಆಡಿದ ಮಾತು ಕಾಣುವದಿಲ್ಲ. ಆದರೆ ಹುಟ್ಟಿದ ವರುಷವನ್ನು ಸುಳ್ಳು ಬರೆದಿದ್ದರೆ ಇದೊಂದೂ ಉಪಯೋಗಕ್ಕೆ ಬಾರದು. ನಮ್ಮ ಮಕ್ಕಳ ಖಾತೆಗಳಲ್ಲಿ ಅಂಥ ಸುಳ್ಳು ಬಹಳ, ಬರೆಸಿದವರು ಕೆಲವು ಸಾರಿ ನಾವೇ.

ಎಲ್ಲಕ್ಕಿಂತ ಮುಂಚೆ ಹೇಳಬೇಕಾದ ಮಾತೊಂದುಂಟು: ಯಾರಾದರೂ ಹೆದರಿಸಿದರೆ ನನ್ನ ಹತ್ತಿರ ಬಾ, ಫೋನನ್ನು ಕಸಿದುಕೊಳ್ಳುವದಿಲ್ಲ, ಕಾಲೇಜು ಬಿಡಿಸುವದಿಲ್ಲ. ಮಕ್ಕಳು ಮುಚ್ಚಿಡುವದು ಹೆಚ್ಚಾಗಿ ಈ ಎರಡು ಭಯಗಳಿಂದಲೇ.

ಎಳೆಯ ಮಕ್ಕಳ ಮಾತು ಬೇರೆ. ಅವರಿಗೆ ತಾಯಿಯ ಕಣ್ಣೆದುರಿನಲ್ಲಿಯೇ ಫೋನು. ಪ್ರಾಣಕ್ಕೆ ಅಪಾಯವುಂಟೆಂದು ಕಂಡಾಗ, ಮಗುವು ಕಾಣೆಯಾದಾಗ, ಅಪ್ಪಣೆಗೆ ಕಾಯದೆ ನೋಡಬಹುದು, ನೋಡತಕ್ಕದ್ದು. ನೋಡಿದೆನೆಂದು ಅದೇ ದಿವಸ ಹೇಳತಕ್ಕದ್ದು. ಬೆದರಿಕೆ ಬಂದರೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ಸೈಬರ್ ಅಪರಾಧದ ದೂರು ಕೊಡಬಹುದು. ಮಕ್ಕಳ ಸಹಾಯಕ್ಕೆ 1098. ಮಾನ ಹೋದೀತೆಂದು ಠಾಣೆಗೆ ಅಂಜುವ ಮನೆಯವರು ತಿಳಿಯಬೇಕಾದದ್ದೇನಂದರೆ, 18 ವರುಷ ತುಂಬದವರ ಮೇಲೆ ಇಂಥ ಅಪರಾಧವಾದಾಗ ಅವರ ಹೆಸರನ್ನಾಗಲಿ ಮನೆಯ ಗುರುತನ್ನಾಗಲಿ ಪತ್ರಿಕೆಗಳವರು ಪ್ರಕಟಿಸಬಾರದೆಂದು 2012ರ ಪೋಕ್ಸೋ ಕಾನೂನಿನಲ್ಲಿ ಉಂಟು. ಠಾಣೆಗೆ ಒಬ್ಬರೇ ಹೋಗಲು ಧೈರ್ಯವಾಗದಿದ್ದರೆ ನಿಮ್ಮ ಊರಿನ ಉಪದೇಶಿಯನ್ನು ಕರೆಯಿರಿ. ಸಂಗಡ ಬರುವದು ಅವನ ಕೆಲಸವೇ.