ಚಾಮರಾಜಪೇಟೆ ಬೀದಿಯಲ್ಲಿ ನಮ್ಮ ಡ್ರಾಯಿಂಗ್ ಕ್ಲಾಸು

ಫಸ್ಟ್ ಸೆಮ್‌ನ ಎಂಜಿನಿಯರಿಂಗ್ ಡ್ರಾಯಿಂಗ್ ನೆನಪಿದೆಯಾ? ಷಟ್ಕೋನದ ಪ್ರಿಸಂ ಒಂದು ಎಚ್.ಪಿ.ಗೆ 45 ಡಿಗ್ರಿ ವಾಲಿಕೊಂಡು ನಿಂತಿರುತ್ತಿತ್ತು, ನಾವು ಅದರ ಪ್ರೊಜೆಕ್ಷನ್ ಹಾಕುತ್ತಿದ್ದೆವು. ಮಾರ್ಕ್ಸ್ ಬಂತು, ವಿಷಯ ಮರೆತೂ ಹೋಯಿತು. ಅಷ್ಟೆಲ್ಲ ಗೆರೆ ಎಳೆದವರಿಗೆ ಎದುರಿಗಿರುವ ಒಂದು ಮನೆ ನೋಡಿ ಬರೆಯೋಕೆ ಬರುತ್ತಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾವೆಲ್ಲ ಫೇಲ್.

ಈಚೆಗೆ ನಮ್ಮ ಸಂಘದ ಆರು ಜನ ಭಾನುವಾರ ಬೆಳಗ್ಗೆ ಸ್ಕೆಚ್ ಪುಸ್ತಕ ಹಿಡಿದು ಚಾಮರಾಜಪೇಟೆಗೆ ಹೋಗುತ್ತಿದ್ದೇವೆ. ಚಿತ್ರಕಲೆ ಕಲಿತವರು ನಮ್ಮಲ್ಲಿ ಒಬ್ಬರೂ ಇಲ್ಲ. ಬೀದಿಯಲ್ಲಿ ಕೂತು ಕಲಿತದ್ದನ್ನು, ತಪ್ಪುಗಳ ಸಮೇತ, ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಇದು ಹೊಸದೇನಲ್ಲ

ಬಯಲಲ್ಲಿ ಕೂತು ಬಣ್ಣ ಹಚ್ಚುವುದು ಸುಲಭವಾದದ್ದು ಒಂದು ಪುಟ್ಟ ಎಂಜಿನಿಯರಿಂಗ್ ಉಪಾಯದಿಂದ. ಮೊದಲು ಕಲಾವಿದರು ಅರೆದ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಅದು ಒಡೆಯುತ್ತಿತ್ತು, ಬಣ್ಣ ಒಣಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಂಡಬಹುದಾದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಬಣ್ಣ ಜೇಬಿಗೆ ಬಂತು, ಕಲಾವಿದ ಹೊಲಕ್ಕೆ ಹೋದ. ಫ್ರಾನ್ಸಿನ ಇಂಪ್ರೆಷನಿಸ್ಟರ ಕೆಲಸದ ಹಿಂದೆ ಈ ಟ್ಯೂಬೂ ಇದೆ.

ನಮ್ಮೂರಿನ ಕಥೆ ಇನ್ನೂ ಹಳೆಯದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್ ಬೆಂಗಳೂರು ಕೋಟೆಯ ಚಿತ್ರ ಬರೆದ. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಕೂಡ ಕೋಟೆಯನ್ನು, ಅರಮನೆಯನ್ನು ಬರೆದ. ಆ ಕಾಲದಲ್ಲಿ ಇಂಗ್ಲೆಂಡಿನ ವೂಲಿಚ್ ಸೈನಿಕ ಶಾಲೆಯಲ್ಲಿ ಫಿರಂಗಿ ದಳದವರಿಗೂ ಎಂಜಿನಿಯರುಗಳಿಗೂ ಚಿತ್ರ ಬರೆಯುವುದು ಪಾಠವೇ ಆಗಿತ್ತು. ನೆಲ ಗೆಲ್ಲಲು ಬಂದವರ ಚಿತ್ರಗಳು ಅವು, ಅದನ್ನು ಮರೆಯಬಾರದು. ಆದರೂ ಅಂದಿನ ಕೋಟೆ ಹೇಗಿತ್ತೆಂದು ತಿಳಿಯೋಕೆ ಇವತ್ತು ನಾವು ಅವನ್ನೇ ನೋಡುತ್ತೇವೆ.

ನಮ್ಮವರಲ್ಲಿ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕೆನಾಲ್‌ಗಳ ಮಂಜು, ಬೆಳಕನ್ನು ಜಲವರ್ಣದಲ್ಲಿ ಹಿಡಿದರು. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚೆನ್ನಬಸವಯ್ಯ (1910–1988) ಬೆಂಗಳೂರಿನ ಹೂ ಬಿಟ್ಟ ಮರಗಳ ಮುಂದೆ ಕೂತು ಬರೆದರು. ಇನ್ನು ಗುಂಪು ಕಟ್ಟಿಕೊಂಡು ಊರನ್ನು ಬರೆಯುವ ಇಂದಿನ ಅಭ್ಯಾಸಕ್ಕೆ ದೊಡ್ಡ ತಳ್ಳು ಕೊಟ್ಟದ್ದು ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಾಂಪನಾರಿಯೊ 2007ರಲ್ಲಿ ಶುರುಮಾಡಿದ ಅರ್ಬನ್ ಸ್ಕೆಚರ್ಸ್. ಬೆಂಗಳೂರಿನಲ್ಲಿ ಪೆನ್ಸಿಲ್ ಜಾಮರ್ಸ್ ಗುಂಪಿನವರು ವಾರಾಂತ್ಯದಲ್ಲಿ ಹೀಗೆ ಸೇರುತ್ತಾ ಬಂದಿದ್ದಾರೆ. ವೃತ್ತಿ ಕಲಾವಿದರಾಗಿರಬೇಕು ಅಂತೇನಿಲ್ಲ, ಸ್ಥಳದಲ್ಲೇ ಕೂತು, ಕಂಡದ್ದನ್ನು ಪ್ರಾಮಾಣಿಕವಾಗಿ ಬರೆಯಬೇಕು, ಅಷ್ಟೇ.

ಚಾಮರಾಜಪೇಟೆಯೇ ಯಾಕೆ?

ಕೋಟೆಯ ಪಕ್ಕದ ಈ ಬಡಾವಣೆ 1892ರದು. ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತಿದೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹಿಂದೆಯೇ ಬಂದವು, ಇದು ಅವಕ್ಕಿಂತ ಹಿರಿಯದು. ಮೇನ್ ರೋಡುಗಳು ಒಂದಕ್ಕೊಂದು ಸಮಾನಾಂತರ, ಕ್ರಾಸುಗಳು ಅವಕ್ಕೆ ಅಡ್ಡ. ಅಂದರೆ ಪರ್ಸ್ಪೆಕ್ಟಿವ್ ಕಲಿಯೋಕೆ ಯಾರೋ ಗ್ರಾಫ್ ಪೇಪರ್ ಹಾಸಿಟ್ಟ ಹಾಗಿದೆ. ನಡೆದು ಹೋಗುವಷ್ಟು ದೂರದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ, ಪಂಪ ಮಹಾಕವಿ ರಸ್ತೆಯ ಕನ್ನಡ ಸಾಹಿತ್ಯ ಪರಿಷತ್ತು, ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟ. ನಡುನಡುವೆ ಮಂಗಳೂರು ಹೆಂಚಿನ, ಮಂಕಿ ಟಾಪ್ ಕಿಟಕಿಯ ಹಳೇ ಮನೆಗಳು ಇನ್ನೂ ಕೆಲವು ಉಳಿದಿವೆ.

ಪಾಠ 1: ಕಣ್ಣಿನ ಮಟ್ಟ

ಮೊದಲ ಗೆರೆ ಮನೆಯದ್ದಲ್ಲ, ಕ್ಷಿತಿಜದ್ದು. ಅದು ಯಾವಾಗಲೂ ನಿಮ್ಮ ಕಣ್ಣಿನ ಎತ್ತರದಲ್ಲಿರುತ್ತದೆ. ನಿಂತು ಬರೆದರೆ, ಸಮತಟ್ಟು ರಸ್ತೆಯಲ್ಲಿ ನಿಮ್ಮಷ್ಟೇ ಎತ್ತರದವರ ತಲೆಗಳೆಲ್ಲ, ಅವರು ಹತ್ತಿರವಿರಲಿ ದೂರವಿರಲಿ, ಹೆಚ್ಚುಕಡಿಮೆ ಒಂದೇ ಗೆರೆ ಮೇಲೆ ಬರುತ್ತವೆ. ಸ್ಟೂಲ್ ಮೇಲೆ ಕೂತರೆ ಆ ಗೆರೆ ಅವರ ಎದೆಯ ಹತ್ತಿರ ಹಾಯುತ್ತದೆ. ನಮ್ಮಲ್ಲೊಬ್ಬ ಕೂತು ಮನೆ ಬರೆದು, ಆಮೇಲೆ ಎದ್ದು ನಿಂತು ಜನರನ್ನು ಬರೆದ. ಚಿತ್ರದಲ್ಲಿ ಎಲ್ಲರೂ ಗುಂಡಿಯೊಳಗೆ ಇಳಿದು ನಡೆಯುತ್ತಿದ್ದಾರೆ!

ಟಿಪ್ಪು ಅರಮನೆಯ ಮರದ ಕಂಬಗಳ ಸಾಲಿಗೆ ಇನ್ನೊಂದು ಉಪಾಯ. ಮೊದಲ ಎರಡು ಕಂಬ ಕಣ್ಣಳತೆಯಲ್ಲಿ ಹಾಕಿ. ಮೊದಲ ಕಂಬದ ತುದಿಯಿಂದ ಎರಡನೇ ಕಂಬದ ನಟ್ಟನಡುವಿನ ಮೂಲಕ ಗೆರೆ ಎಳೆಯಿರಿ. ಅದು ಬುಡದ ಗೆರೆಯನ್ನು ಮುಟ್ಟುವ ಕಡೆ ಮೂರನೇ ಕಂಬ. ಹೀಗೇ ಮುಂದಕ್ಕೆ. ಕಂಬಗಳು ದೂರ ಹೋದಂತೆ ತಾವೇ ಹತ್ತಿರ ಹತ್ತಿರ ಬರುತ್ತವೆ.

ಪಾಠ 2: ಪೆನ್ಸಿಲ್ಲೇ ಸ್ಕೇಲು

ಕಲಾವಿದರು ಕೈ ಚಾಚಿ, ಒಂದು ಕಣ್ಣು ಮುಚ್ಚಿ ಪೆನ್ಸಿಲ್ ಹಿಡಿಯುವುದನ್ನು ಸಿನಿಮಾದಲ್ಲಿ ನೋಡಿರುತ್ತೀರಿ. ಅದು ಸ್ಟೈಲ್ ಅಲ್ಲ, ಸಮರೂಪ ತ್ರಿಭುಜ. ಕಣ್ಣಿನಿಂದ ಪೆನ್ಸಿಲ್‌ಗೆ 60 ಸೆಂ.ಮೀ., ಮನೆ ಪೆನ್ಸಿಲ್ ಮೇಲೆ 12 ಸೆಂ.ಮೀ. ಮುಚ್ಚಿದರೆ ಅನುಪಾತ 0.2. ಮನೆ 25 ಮೀಟರ್ ದೂರದಲ್ಲಿದ್ದರೆ ಅದರ ಎತ್ತರ 5 ಮೀಟರ್. ಆದರೆ ಮೊಣಕೈ ಮಡಚಿದರೆ ಲೆಕ್ಕವೆಲ್ಲ ಕೆಟ್ಟಿತು. ಕೈ ಪೂರ್ತಿ ನೆಟ್ಟಗಿರಲಿ. ದೂರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬಾಗಿಲಿನ ಎತ್ತರಕ್ಕೆ ಮನೆ ಎಷ್ಟು ಪಟ್ಟು ಅಂತ ತಿಳಿದರೆ ಚಿತ್ರಕ್ಕೆ ಸಾಕು.

ಪಾಠ 3: ನೆರಳು ಕಾಯುವುದಿಲ್ಲ

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಕೊನೆಯ ವಾರ ಬೆಳಗ್ಗೆ ಎಂಟೂವರೆಗೆ ನೆರಳು ವಸ್ತುವಿನ ಎತ್ತರದ ಸುಮಾರು 1.7 ಪಟ್ಟು, ಹತ್ತೂವರೆಗೆ ಸುಮಾರು 0.6 ಪಟ್ಟು. ಅಂದರೆ 6 ಮೀಟರ್ ಮರದ ನೆರಳು ಎರಡೇ ಗಂಟೆಯಲ್ಲಿ 10 ಮೀಟರ್ ಹತ್ತಿರದಿಂದ 4 ಮೀಟರ್‌ಗಿಂತ ಕಡಿಮೆಯಾಗುತ್ತದೆ. ಏಪ್ರಿಲ್ ಕೊನೆಯಲ್ಲಿ, ಆಗಸ್ಟ್ ಮಧ್ಯದಲ್ಲಿ ಬರುವ ಶೂನ್ಯ ನೆರಳಿನ ದಿನ ಮಧ್ಯಾಹ್ನವಂತೂ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ.

ಅದಕ್ಕೇ ಕೂತ ತಕ್ಷಣ ನೆರಳಿನ ಅಂಚುಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿ, ಮೂಲೆಯಲ್ಲಿ ಸಮಯ ಬರೆದುಬಿಡಿ. ಆಮೇಲೆ ಸೂರ್ಯ ಎಲ್ಲಿಗಾದರೂ ಹೋಗಲಿ, ಗುರುತು ಬದಲಿಸಬೇಡಿ. ಎಂಟೂವರೆಯ ಗೋಡೆಗೆ ಹತ್ತೂವರೆಯ ನೆರಳು ಹಾಕಿದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ತಪ್ಪಿದೆ ಅಂತ ಅನಿಸಿಯೇ ಅನಿಸುತ್ತದೆ.

ಪಾಠ 4: ಮುಖ್ಯವಾದದ್ದು ಮೊದಲು

ಈ ಪಾಠಕ್ಕೆ ನಾವು ದುಬಾರಿ ಫೀಸು ಕೊಟ್ಟೆವು. ಒಂದು ಕ್ರಾಸಿನಲ್ಲಿ ನಮಗೆಲ್ಲ ಇಷ್ಟವಾದ ಮನೆಯೊಂದಿತ್ತು. ಮುಂದೆ ಜಗುಲಿ, ಮಂಕಿ ಟಾಪ್ ಕಿಟಕಿಗಳು, ಕಾಂಪೌಂಡಿನಲ್ಲಿ ಮಾವಿನ ಮರ. ನಾವು ಮರದಿಂದ ಶುರುಮಾಡಿದೆವು. ಎಲೆ ಬರೆದೇ ಬರೆದೆವು. ಬಿಸಿಲೇರಿತು, ಹೊಟ್ಟೆ ಹಸಿಯಿತು. ಮನೆ ಅರ್ಧಕ್ಕೇ ನಿಂತಿತು. "ಎಲ್ಲಿಗೆ ಹೋಗುತ್ತೆ, ಮುಂದಿನ ವಾರ ಮುಗಿಸೋಣ" ಅಂದುಕೊಂಡು ಇಡ್ಲಿ ತಿನ್ನೋಕೆ ಹೋದ್ವಿ. ಆಮೇಲೆ ಇಂಟರ್ನಲ್ಸ್ ಬಂತು. ಮೂರು ವಾರ ಬಿಟ್ಟು ಹೋದರೆ ಸುತ್ತ ತಗಡಿನ ಬೇಲಿ, ಒಳಗೆ ಇಟ್ಟಿಗೆಯ ರಾಶಿ. ಮರವೂ ಇಲ್ಲ.

ಸುಮ್ಮನೆ ನಿಂತಿದ್ದಾಗ ಎದುರು ಮನೆಯ ಅಜ್ಜಿ ಹೊರಗೆ ಬಂದು "ಏನ್ರಪ್ಪಾ ನೋಡ್ತಿದ್ದೀರಾ?" ಅಂದರು. ಪುಸ್ತಕ ತೋರಿಸಿದೆವು. ಕನ್ನಡಕ ತರಿಸಿಕೊಂಡು ಬಹಳ ಹೊತ್ತು ನೋಡಿದರು. "ಈ ಕಡೆ ಇನ್ನೊಂದು ಕಿಟಕಿ ಇತ್ತು ಕಣ್ರೋ. ಅಲ್ಲಿ ಕೂತೇ ಅವಳು ಹೂ ಕಟ್ತಿದ್ದಳು" ಅಂದರು. ನಮ್ಮ ಆರೂ ಪುಸ್ತಕದಲ್ಲಿ ಆ ಕಿಟಕಿ ಇರಲಿಲ್ಲ. ಆ ಜಾಗದಲ್ಲಿ ಮಾವಿನ ಎಲೆಗಳಿದ್ದವು.

ವಾಪಸ್ ಬರುವಾಗ ಜಗಳವೇ ಆಯಿತು. ಕಿಟಕಿ ಸೇರಿಸೋಣ ಅಂತ ಕೆಲವರು, ನೋಡದ್ದನ್ನು ಬರೆಯಬಾರದು ಅಂತ ಕೆಲವರು. ಕೊನೆಗೆ ಚಿತ್ರವನ್ನು ಮುಟ್ಟಲಿಲ್ಲ. ಅಂಚಿನಲ್ಲಿ ಒಂದು ಬಾಣ ಹಾಕಿ "ಇಲ್ಲೊಂದು ಕಿಟಕಿ ಇತ್ತು, ಎದುರು ಮನೆ ಅಜ್ಜಿ ಹೇಳಿದ್ದು" ಅಂತ ಬರೆದು ತಾರೀಕು ಹಾಕಿದೆವು. ಲ್ಯಾಬ್ ರೆಕಾರ್ಡಿನಲ್ಲಿ ನಾವೇ ತೆಗೆದ ರೀಡಿಂಗ್ ಬೇರೆ, ಇನ್ನೊಬ್ಬರಿಂದ ಪಡೆದದ್ದು ಬೇರೆ ಅಲ್ವಾ? ಇದೂ ಹಾಗೇ.

ಈಗ ನಮ್ಮ ಕ್ರಮ ಇಷ್ಟು: ಮೊದಲ ಹತ್ತು ನಿಮಿಷದಲ್ಲಿ ಇಡೀ ಕಟ್ಟಡದ ಹೊರಗೆರೆ, ಬಾಗಿಲು-ಕಿಟಕಿಗಳ ಲೆಕ್ಕ. ಆಮೇಲೆ ನೆರಳು. ಎಲೆ, ಮೋಡ, ಬೀದಿನಾಯಿ ಎಲ್ಲ ಕೊನೆಗೆ.

ಹೊರಡುವ ಮುನ್ನ

ದಪ್ಪ ಹಾಳೆಯ ಪುಸ್ತಕ, 2ಬಿ ಪೆನ್ಸಿಲ್, ನೀರಿಗೆ ಹರಡದ ಕಪ್ಪು ಪೆನ್ನು, ಹನ್ನೆರಡು ಬಣ್ಣದ ಜಲವರ್ಣದ ಡಬ್ಬಿ, ನೀರಿನ ಬಾಟಲಿ, ಒರೆಸೋಕೆ ಹಳೇ ಬನಿಯನ್ ಬಟ್ಟೆ. ಇಷ್ಟು ಸಾಕು. ಗೇಟಿನ ಮುಂದೆ ಕೂರುವ ಮೊದಲು ಮನೆಯವರನ್ನು ಕೇಳಿ. ಯಾರಾದರೂ ಇಣುಕಿದರೆ ಪುಸ್ತಕ ಮುಚ್ಚಬೇಡಿ, ತೋರಿಸಿ. ನಮಗೆ ಕಾಣದ ಕಿಟಕಿ ಅವರಿಗೆ ಗೊತ್ತಿರಬಹುದು.

ಮುಂದಿನ ಭಾನುವಾರ ಬೆಳಗ್ಗೆ ಏಳೂವರೆಗೆ ಸಾಹಿತ್ಯ ಪರಿಷತ್ತಿನ ಮುಂದೆ ಸೇರುತ್ತೇವೆ. ಚಿತ್ರ ಬರೆಯೋಕೆ ಬರಲ್ಲ ಅನ್ನುವವರೇ ಬನ್ನಿ. ಇಡ್ಲಿ ಮಾತ್ರ ಕೆಲಸ ಮುಗಿದ ಮೇಲೆ.