ಕ್ಯಾನು ಹಿಡಿದು ಬರುವ ಮುನ್ನ: ಎಥನಾಲ್, ಮೆಥನಾಲ್ ಬಳಸುವ ಟರ್ಬೊ ಗಾಡಿಗಳವರಿಗೆ ಸೂಚನೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಸ್ಟೇಜ್ 1, ಸ್ಟೇಜ್ 2 ಮ್ಯಾಪ್ ಹಾಕಿಸಿದ ಪೋಲೊ, ವರ್ಟಸ್, ಆಕ್ಟೇವಿಯಾ, ಐ20 ಎನ್ ಲೈನ್ ತರುವವರು ಗಾಡಿ ಶೆಡ್ಡಿನೊಳಗೆ ಬಿಡುವ ಮೊದಲು ಇದನ್ನು ಪೂರ್ತಿ ಓದಬೇಕು. ಓದಿದ ಮೇಲೆ ಚೌಕಾಸಿ ಇಲ್ಲ.

ಮಾಡಬೇಕಾದ್ದು

ಟ್ಯಾಂಕಿನಲ್ಲಿ ಏನಿದೆಯೆಂದು ಅಳೆದು ತಿಳಿಯಿರಿ. ಬಂಕ್ ಹುಡುಗ ಹೇಳಿದ್ದು ಅಳತೆಯಲ್ಲ. ಲ್ಯಾಬ್ ಸಾಮಾನಿನ ಅಂಗಡಿಯಿಂದ 100 ಮಿ.ಲೀ. ಅಳತೆಯ ಗಾಜಿನ ಜಾಡಿ ತನ್ನಿ. 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಅಲುಗಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿಗೆ ಸೇರುತ್ತದೆ. ಕೆಳಗಿನ ಪದರ 28ರ ಆಸುಪಾಸು ನಿಂತರೆ ಅದು ಇ20. ಪದರ ಎಷ್ಟು ಏರಿತೋ ಅದನ್ನು 90ರಿಂದ ಭಾಗಿಸಿದರೆ ಎಥನಾಲ್ ಪಾಲು ಸಿಗುತ್ತದೆ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇರಕೂಡದು.

ಲೆಕ್ಕವನ್ನು ಇ20ರಿಂದ ಶುರುಮಾಡಿ, ಸೊನ್ನೆಯಿಂದಲ್ಲ. ಇ20 ದೇಶಕ್ಕೆ ಬಿಡುಗಡೆಯಾದದ್ದೇ ನಮ್ಮ ತುಮಕೂರು ರಸ್ತೆಯ ಮಾದಾವರದಲ್ಲಿ, 2023ರ ಫೆಬ್ರವರಿ 6ರಂದು. ಆದರೂ ನಮ್ಮ ಹುಡುಗರು ಹೊರದೇಶದ ಪಟ್ಟಿ ನೋಡಿಕೊಂಡು ಬಂಕಿನ ಪೆಟ್ರೋಲಿನಲ್ಲಿ ಎಥನಾಲೇ ಇಲ್ಲ ಅನ್ನುವಂತೆ ಬೆರೆಸುತ್ತಾರೆ. 50 ಲೀಟರ್ ಟ್ಯಾಂಕು, ಇ40 ಬೇಕು ಅಂತಿಟ್ಟುಕೊಳ್ಳಿ. ಅವರ ಲೆಕ್ಕಕ್ಕೆ 20 ಲೀಟರ್ ಇ100. ಆದರೆ ಉಳಿದ 30 ಲೀಟರಿನಲ್ಲಿ ಆಗಲೇ 6 ಲೀಟರ್ ಎಥನಾಲ್ ಇದೆ. ಇಂಡಿಯನ್ ಆಯಿಲ್ 2024ರಲ್ಲಿ ಕರ್ನಾಟಕ ಸೇರಿ ಐದು ರಾಜ್ಯಗಳಲ್ಲಿ ಮಾರಾಟಕ್ಕಿಟ್ಟ ಇ100 ಕೂಡ ಶುದ್ಧ ಎಥನಾಲ್ ಅಲ್ಲ. ಅದರಲ್ಲಿ ನೂರಕ್ಕೆ 93ರಷ್ಟು ಎಥನಾಲ್, ಮಿಕ್ಕಿದ್ದು ಪೆಟ್ರೋಲ್ ಮತ್ತು ಬೆರಕೆ ಒಡೆಯದಂತೆ ಹಿಡಿದಿಡುವ ದ್ರಾವಕ. ಎಲ್ಲ ಕೂಡಿದರೆ 20 ಲೀಟರ್ ಸುರಿದ ಟ್ಯಾಂಕು ಇ40 ಆಗುವುದಿಲ್ಲ, 49ಕ್ಕೆ ಹೋಗಿ ಕೂರುತ್ತದೆ. ಇ40ಕ್ಕೆ ಬೇಕಾದ್ದು ಸುಮಾರು ಹದಿಮೂರೂಮುಕ್ಕಾಲು ಲೀಟರ್ ಅಷ್ಟೇ.

ಒಂಬತ್ತು ಪಾಲು ತಾನೇ, ಏನಾಯ್ತು ಅನ್ನಬೇಡಿ. ಒಂದು ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಹೆಚ್ಚು ಎಣ್ಣೆ ಚಿಮ್ಮಬೇಕು: ಇ20ರಿಂದ ಇ40ಕ್ಕೆ ಹೋದರೆ ಸುಮಾರು ನೂರಕ್ಕೆ ಹತ್ತರಷ್ಟು, 49ಕ್ಕೆ ಇನ್ನೂ ಜಾಸ್ತಿ. ಮೆಲ್ಲಗೆ ಓಡಿಸುವಾಗ ಇಸಿಯು ಸರಿದೂಗಿಸಿಕೊಳ್ಳುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಟಿಎಸ್ಐ ಗಾಡಿಗಳ ಹೈ ಪ್ರೆಶರ್ ಪಂಪು ಕೈಚೆಲ್ಲುತ್ತದೆ, ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ನಿನ ರಿಂಗ್ ಕೂರುವ ಜಾಗ ಒಡೆಯುತ್ತದೆ. ಆದ್ದರಿಂದ ಹೊಸ ಬೆರಕೆಗೆ ಹೊಸ ಮ್ಯಾಪ್, ಹೊಸ ಲಾಗ್. ರೈಲ್ ಪ್ರೆಶರ್, ನಾಕ್, ಎ.ಎಫ್.ಆರ್. ಮೂರೂ ಕಾಣುವ ಲಾಗ್ ಇಲ್ಲದೆ ಬೂಸ್ಟ್ ಒಂದು ಪಿಎಸ್‌ಐ ಕೂಡ ಏರಿಸುವುದಿಲ್ಲ.

ಇ85 ಬೇಕೇಬೇಕು ಅನ್ನುವವರಿಗೆ ನನ್ನ ಮಾತು: ಸ್ಟಾಕ್ ಪಂಪ್, ಸ್ಟಾಕ್ ಇಂಜೆಕ್ಟರ್ ಇರುವ ಗಾಡಿಗೆ ಇ30, ಇ40 ಸಾಕು. ಆಕ್ಟೇನ್ ಲಾಭವೂ ತಂಪೂ ಅಲ್ಲೇ ಬೇಕಾದಷ್ಟು ಸಿಗುತ್ತವೆ. ಅದಕ್ಕಿಂತ ಮೇಲಕ್ಕೆ ಹೋದಂತೆ ಬರೇ ಬಂಕಿನ ಬಿಲ್ ಏರುತ್ತದೆ. ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಎಥನಾಲಿನಲ್ಲಿ ಮೂರನೇ ಒಂದು ಭಾಗ ಕಡಿಮೆ.

ನಮ್ಮೂರಿನ ಎತ್ತರ ನೆನಪಿಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಮ್ಮಿ. ಚೆನ್ನೈಯಲ್ಲೋ ಜರ್ಮನಿಯಲ್ಲೋ ಬರೆದ ಮ್ಯಾಪ್ ಕೇಳುವ ಒತ್ತಡ ಕೊಡಲು ಇಲ್ಲಿ ಟರ್ಬೊ ಜಾಸ್ತಿ ಸುತ್ತಬೇಕು, ಗಾಳಿ ಜಾಸ್ತಿ ಕಾಯುತ್ತದೆ. ಮಾಗಡಿ ರಸ್ತೆಯ ಸಿಗ್ನಲ್ಲುಗಳಲ್ಲಿ ಮುಕ್ಕಾಲು ಗಂಟೆ ಬೆಂದು ಬಂದ ಇಂಟರ್‌ಕೂಲರ್ ಬೇರೆ. ಗಾಡಿ ತಣಿಯದೆ ಡೈನೊ ಹತ್ತಿಸುವುದಿಲ್ಲ.

2023ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ರಬ್ಬರ್ ಹೋಸು, ಸೀಲು ಮೊದಲು ತೋರಿಸಿ. ಎಥನಾಲ್ ಹಳೆಯ ಟ್ಯಾಂಕಿನ ಕೊಳೆ ಕೀಳುತ್ತದೆ, ಫ್ಯುಯೆಲ್ ಫಿಲ್ಟರ್ ಬೇಗ ಬದಲಿಸಬೇಕು. ಎಂಜಿನ್ ಆಯಿಲ್ 5,000 ಕಿ.ಮೀ.ಗೆ.

ಇನ್ನು ಮೆಥನಾಲ್ ಇಂಜೆಕ್ಷನ್. ಇದು ಹೊಸದಲ್ಲ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಕಾರು ಅರ್ಧ ನೀರು ಅರ್ಧ ಮೆಥನಾಲಿನ ಟ್ಯಾಂಕು ಹೊತ್ತೇ ಕಾರ್ಖಾನೆಯಿಂದ ಬಂತು. ನಮ್ಮ ಎಚ್ಎಎಲ್ ಹಿರಿಯರಿಗೆ ಗೊತ್ತಿರುವ ಆವ್ರೊ ವಿಮಾನದ ಡಾರ್ಟ್ ಎಂಜಿನ್ ಕೂಡ ಬಿಸಿಲೂರಿನಲ್ಲಿ ಮೇಲೇರಲು ಇದೇ ನೀರು-ಮೆಥನಾಲ್ ಕುಡಿಯುತ್ತಿತ್ತು. ಜೆಟ್‌ಫೈರ್‌ನಿಂದ ಕಲಿಯಬೇಕಾದ್ದು ಒಂದೇ ವಿಷಯ: ದ್ರವ ಮುಗಿದರೆ ಅದರ ಬೂಸ್ಟ್ ತಾನೇ ಇಳಿಯುತ್ತಿತ್ತು. ಜನ ತುಂಬಿಸುವುದನ್ನು ಮರೆತರು, ಕಾರು ಓಡುವುದಿಲ್ಲ ಅಂತ ಬೈದರು, ಆದರೆ ಎಂಜಿನ್ ಉಳಿಯಿತು. ಅರವತ್ತು ವರ್ಷದ ಹಿಂದೆ ಇದ್ದ ಬುದ್ಧಿ ಈಗ ಕಿಟ್ ಕಟ್ಟಿಕೊಂಡು ಬರುವ ಗಾಡಿಗಳಲ್ಲಿ ಇಲ್ಲ. ಫ್ಲೋ ಸೆನ್ಸರ್, ಟ್ಯಾಂಕಿಗೆ ಲೆವೆಲ್ ಸ್ವಿಚ್, ಹರಿವು ತಪ್ಪಿದ ಕ್ಷಣ ಬೂಸ್ಟ್ ಇಳಿಸುವ ವೈರಿಂಗ್, ಈ ಮೂರೂ ಇರಲೇಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತದಲ್ಲ ಅನ್ನುವುದು ನಡೆಯದು. ನೀವು ದೀಪ ನೋಡುವಷ್ಟರಲ್ಲಿ ನಾಕಿಂಗ್ ತನ್ನ ಕೆಲಸ ಮುಗಿಸಿರುತ್ತದೆ.

ಅಳತೆ ಅರ್ಧಕ್ಕರ್ಧ. ನೀರು ಡಿಸ್ಟಿಲ್ಡ್ ಆಗಿರಬೇಕು. ಬೋರ್‌ವೆಲ್ ನೀರಿನ ಉಪ್ಪು ನಾಜಲ್ ಕಟ್ಟಿಸುತ್ತದೆ. ನಾಜಲ್ ಇಂಟರ್‌ಕೂಲರ್ ಆದಮೇಲೆ, ಥ್ರಾಟಲ್‌ಗೆ ಮುಂಚೆ. ಪಕ್ಕದಲ್ಲೇ ಸೊಲೆನಾಯ್ಡ್ ವಾಲ್ವ್, ಇಲ್ಲದಿದ್ದರೆ ಪಂಪು ನಿಂತ ಮೇಲೂ ದ್ರವ ಒಳಗೆ ಸೋರಬಹುದು. ನಾಜಲ್ ಕೂರಿಸುವ ಬುಷ್ ಕಾಮಾಕ್ಷಿಪಾಳ್ಯದ ಯಾವ ಲೇತ್‌ನಲ್ಲಿ ಬೇಕಾದರೂ ಮಾಡಿಸಿ, ಆದರೆ ಪೈಪು ತೆಗೆದು ಹೊರಗಿಟ್ಟು ಕೊರೆಯಿರಿ. ಅಲ್ಯುಮಿನಿಯಂ ಚೂರು ಎಂಜಿನ್ನಿನೊಳಗೆ ಹೋಗಿದ್ದನ್ನು ನೋಡಿದ್ದೇನೆ.

ಮಾಡಬಾರದ್ದು

ಬಾಯಿಯಿಂದ ಪೈಪ್ ಎಳೆಯಬಾರದು. ಪೆಟ್ರೋಲ್ ಎಳೆದು ಉಗಿದ ಅಭ್ಯಾಸ ಇಲ್ಲಿ ಬೇಡ. 10 ಮಿ.ಲೀ. ಮೆಥನಾಲ್ ಒಳಗೆ ಹೋದರೂ ಕಣ್ಣು ಹೋಗಬಹುದು, 30 ಮಿ.ಲೀ. ಜೀವವನ್ನೇ ತೆಗೆಯಬಹುದು. 1981ರ ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ ಬೆರೆತ ಮೆಥನಾಲ್ 300ಕ್ಕೂ ಹೆಚ್ಚು ಜನರನ್ನು ಕೊಂದಿತು. 2008ರಲ್ಲಿ ಮತ್ತೆ ಆನೇಕಲ್, ಕೋಲಾರದ ಕಡೆ. ಸೇವಿಸಿದ ತಕ್ಷಣ ಅಮಲು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಕಣ್ಣು ಮಂಜಾಗುವುದು ಎಷ್ಟೋ ಗಂಟೆಗಳ ಮೇಲೆ. ಕಾಯಬೇಡಿ, ವಾಂತಿ ಮಾಡಿಸಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ ಮೆಥನಾಲ್ ಎಂಬ ಹೆಸರನ್ನೇ ಹೇಳಿ.

ಮೆಥನಾಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬಾರದು. ಅಡುಗೆಮನೆ, ಮೆಟ್ಟಿಲ ಕೆಳಗೆ, ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು. ಕ್ಯಾನಿಗೆ ಕನ್ನಡದಲ್ಲಿ ವಿಷ ಎಂದು ಬರೆಯಿರಿ. ಬಿಲ್ ಇಲ್ಲದ ಮೆಥನಾಲ್, ಡಿಸ್ಟಿಲರಿಯಿಂದ ಕದ್ದ ಸ್ಪಿರಿಟ್ ಈ ಶೆಡ್ಡಿಗೆ ತರಬಾರದು. ಅಬಕಾರಿಯವರಿಗೆ ಉತ್ತರ ಹೇಳುವವನು ನಾನಲ್ಲ.

ಕೈಗವಸು ಇಲ್ಲದೆ ಸುರಿಯಬಾರದು, ಚರ್ಮದಿಂದಲೂ ಒಳಗೆ ಹೋಗುತ್ತದೆ. ಮುಚ್ಚಿದ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಸುರಿಯಬಾರದು. ಬಿಸಿಲಿನಲ್ಲಿ ಮೆಥನಾಲ್ ಬೆಂಕಿ ಕಾಣುವುದೇ ಇಲ್ಲ: ಅದೇ 1981ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ ರೇಸಿನ ಪಿಟ್‌ನಲ್ಲಿ ರಿಕ್ ಮಿಯರ್ಸ್ ಮುಖ ಸುಟ್ಟುಕೊಂಡಾಗ ಸುತ್ತಲಿನವರಿಗೆ ಮೊದಲು ಬೆಂಕಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಡ್ರೈ ಪೌಡರ್ ಸಿಲಿಂಡರ್ ಡಿಕ್ಕಿಯಲ್ಲಿ ಇರಲಿ.

ಪೆಟ್ರೋಲ್ ಟ್ಯಾಂಕಿಗೆ ಮೆಥನಾಲ್ ಹಾಕಬಾರದು, ಅಲ್ಯುಮಿನಿಯಂ ತಿನ್ನುತ್ತದೆ. ಮೆಥನಾಲ್ ಪೈಪನ್ನು ಸೀಟಿನ ಕೆಳಗಿಂದ ಎಳೆಯಬಾರದು.

ಎಥನಾಲ್ ಜಾಸ್ತಿಯಿರುವ ಗಾಡಿಯನ್ನು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬಾರದು. ಊರಿಗೆ ಹೋಗುವ ಮುಂಚೆ ಓಡಿಸಿ ಖಾಲಿ ಮಾಡಿ, ಹೊಸದಾಗಿ ತುಂಬಿಸಿ.

ನೈಸ್ ರಸ್ತೆ, ನಾಯಂಡಹಳ್ಳಿ ಫ್ಲೈಓವರ್, ಕಾರ್ಡ್ ರಸ್ತೆಯಲ್ಲಿ ಪುಲ್ ಹೊಡೆದು ಲಾಗ್ ತರಬಾರದು. ತಂದರೆ ಲಾಗ್ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತೇನೆ. ಡೈನೊ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ.

ಕಾನೂನು ನಮಗಲ್ಲ ಅಂದುಕೊಳ್ಳಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, 182ಎ ಕೆಳಗೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕೆಎ-02 ಫಲಕವಿದ್ದರೂ ಅಷ್ಟೇ, ಕೆಎ-41 ಇದ್ದರೂ ಅಷ್ಟೇ. ವಿಮೆಯವರಿಗೆ ಹೇಳದೆ ಕಿಟ್ ಕಟ್ಟಿದರೆ ಕ್ಲೈಮ್ ದಿನ ನನ್ನನ್ನು ಸಾಕ್ಷಿಗೆ ಕರೆಯಬೇಡಿ.

ಕೊನೆಗೆ, ಪೆಟ್ರೋಲ್ ಮುಚ್ಚಳದ ಒಳಗಡೆ ಚೀಟಿ ಅಂಟಿಸದೆ ಗಾಡಿ ಹೊರಗೆ ಬಿಡುವುದಿಲ್ಲ: ಯಾವ ಮ್ಯಾಪ್, ಎಷ್ಟು ಎಥನಾಲ್, ಯಾವ ತಾರೀಕು. ಭಾನುವಾರ ಅಪ್ಪನೋ ತಂಗಿಯೋ ಗಾಡಿ ಒಯ್ದು ಬಂಕ್‌ನಲ್ಲಿ ಫುಲ್ ಮಾಡಿ ಅಂದಿರುತ್ತಾರೆ. ಸೋಮವಾರ ಬೆಳಿಗ್ಗೆ ನೀವು ಇ40 ಮ್ಯಾಪ್‌ನಲ್ಲಿ ಇ25 ತುಂಬಿದ ಗಾಡಿ ತುಳಿಯುತ್ತಿರುತ್ತೀರಿ. ಫ್ಲೆಕ್ಸ್ ಸೆನ್ಸರ್ ಇಲ್ಲದ ಗಾಡಿಗೆ ಅದು ಗೊತ್ತಾಗುವುದಿಲ್ಲ.